ಸಾಲ ತೀರಿದ ಮೇಲೆ ಮೊದಲು ಏನು?

ನಿಮ್ಮ ಪ್ರಶ್ನೆ ಓದಿದೆ. 482 ವೀಸಾದಲ್ಲಿ, ಅಂದರೆ ಕಂಪನಿಯ ಸ್ಪಾನ್ಸರ್ ಮೇಲೆ ಸಿಗುವ ತಾತ್ಕಾಲಿಕ ಕೆಲಸದ ವೀಸಾದಲ್ಲಿ, ಮೆಲ್ಬರ್ನಿಗೆ ಬಂದು ಕೆಲವೇ ತಿಂಗಳಾಗಿದೆ, ಊರಿನ ಎಜುಕೇಶನ್ ಲೋನ್ ಈ ವರ್ಷ ತೀರುತ್ತದೆ. "ಅಕ್ಕಾ, ಸಾಲ ತೀರಿದ ಕೂಡಲೇ ಊರಲ್ಲಿ ಸೈಟ್ ತಗೊಳ್ಳಲಾ, ಇಲ್ಲೇ ಮನೆಗೆ ಡೆಪಾಸಿಟ್ ಕೂಡಿಸಲಾ? ಲಾಕ್‌ಡೌನ್‌ನಲ್ಲಿ ನೀವೆಲ್ಲ ಮನೆ ಹೇಗೆ ನಡೆಸಿದಿರಿ?" ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ಇವು ಎರಡು ಪ್ರಶ್ನೆ ಅಲ್ಲ, ಒಂದೇ. ಸೈಟ್ ಆಮೇಲೆ, ಡೆಪಾಸಿಟ್ಟೂ ಆಮೇಲೆ. ಮೊದಲು ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ, ಕೇಳಿದ ತಕ್ಷಣ ಕೈಗೆ ಸಿಗುವ ಹಾಗೆ ಇರಲಿ. ನಮ್ಮ ಹಿರಿಯರು ಆಪದ್ಧನ ಅನ್ನುತ್ತಿದ್ದದ್ದು ಇದನ್ನೇ.

ನಮ್ಮ ಸಾಲ ತೀರಿದ್ದು 2020ರ ಜನವರಿಯಲ್ಲಿ. ಓದಿನ ಸಾಲ, ಕಾರಿನ ಸಾಲ ಎರಡೂ. ಬಹಳ ಜನರಿಗೆ ಸಾಲ ತೀರಿಸಿದ ದಿನ ಕೈ ಹೆಚ್ಚುಕಡಿಮೆ ಖಾಲಿಯೇ ಇರುತ್ತದೆ. ಇದ್ದಬದ್ದದ್ದೆಲ್ಲ ಅಲ್ಲಿಗೇ ಹೋಗಿರುತ್ತದಲ್ವಾ? ಮನಸ್ಸು ಹಗುರ, ಖಾತೆಯೂ ಹಗುರ. ನಮ್ಮ ಹತ್ತಿರ ಒಂದು ತಿಂಗಳ ಬಾಡಿಗೆ, ಅದರ ಮೇಲೆ ಸ್ವಲ್ಪ ದುಡ್ಡು ಇತ್ತು ಅಷ್ಟೇ.

ಮಾರ್ಚ್ 20ಕ್ಕೆ ಆಸ್ಟ್ರೇಲಿಯಾ ಗಡಿ ಮುಚ್ಚಿತು. ನಮ್ಮ ಯಜಮಾನರು ಹೋಟೆಲ್ ಒಂದರ ಫ್ರಂಟ್ ಆಫೀಸಿನಲ್ಲಿದ್ದರು. ರೂಮುಗಳೆಲ್ಲ ಖಾಲಿಯಾದವು, ಅವರ ಶಿಫ್ಟ್ ನಿಂತೇ ಹೋಯಿತು. ನನ್ನ ಆಫೀಸಿನಲ್ಲಿ ವಾರಕ್ಕೆ ನಾಲ್ಕು ದಿನ ಕೆಲಸ, ಸಂಬಳದಲ್ಲಿ ಐದರಲ್ಲಿ ಒಂದು ಭಾಗ ಕಡಿತ. ವೀಸಾ ನನ್ನ ಕೆಲಸದ ಮೇಲೆ ನಿಂತಿತ್ತು.

ಸರ್ಕಾರ ಮಾರ್ಚ್ 30ರಂದು ಜಾಬ್‌ಕೀಪರ್ ಅನ್ನುವ ಸಂಬಳದ ನೆರವು ಘೋಷಿಸಿತು. ಎರಡು ವಾರಕ್ಕೆ 1,500 ಡಾಲರ್. ಆದರೆ ಅದು ನಾಗರಿಕರಿಗೆ, ಪಿಆರ್ (ಕಾಯಂ ವಾಸದ ವೀಸಾ) ಇದ್ದವರಿಗೆ, ಇಲ್ಲಿ ನೆಲೆಸಿದ ನ್ಯೂಜಿಲೆಂಡಿನವರಿಗೆ. ನಮ್ಮಂಥ ತಾತ್ಕಾಲಿಕ ವೀಸಾದವರಿಗೆ ಇಲ್ಲ. ತಮ್ಮ ಖರ್ಚು ತಾವು ನೋಡಿಕೊಳ್ಳಲಾಗದವರು ಊರಿಗೆ ಹೋಗುವುದು ಒಳ್ಳೆಯದು ಎಂಬ ಅರ್ಥದ ಮಾತು ಏಪ್ರಿಲ್ ಮೊದಲ ವಾರದಲ್ಲಿ ಇಲ್ಲಿನ ಪ್ರಧಾನಿಯ ಬಾಯಿಂದಲೇ ಬಂತು. ಆಗ ಭಾರತಕ್ಕೆ ಮಾಮೂಲಿ ವಿಮಾನಗಳೇ ಇರಲಿಲ್ಲ. ಆ ವಾರ ನನಗೆ ನಿದ್ದೆ ಬರಲಿಲ್ಲ. ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ನೀವು ಈಗ ಇರುವ ವೀಸಾದಲ್ಲಿ ಕಷ್ಟ ಬಂದರೆ ಮೊದಲ ಆಸರೆ ನಿಮ್ಮ ದುಡ್ಡೇ ಅಂತ ಗೊತ್ತಿರಲಿ.

ನಮ್ಮನ್ನು ಕಾಪಾಡಿದ್ದು ಒಂದೇ, ಕಂತು ಇಲ್ಲದ್ದು. 2019ರ ಡಿಸೆಂಬರ್‌ವರೆಗೆ ತಿಂಗಳಿಗೆ 1,400 ಡಾಲರ್ ಸಾಲಕ್ಕೆ ಹೋಗುತ್ತಿತ್ತು. ಅದು ಇನ್ನೂ ಇದ್ದಿದ್ದರೆ ನನ್ನೊಬ್ಬಳ ಕಡಿತದ ಸಂಬಳದಲ್ಲಿ ಬಾಡಿಗೆಯೇ ಏಳುತ್ತಿರಲಿಲ್ಲ. ಸಾಲ ತೀರಿದ್ದರ ಬೆಲೆ ನನಗೆ ಆಗ ಗೊತ್ತಾಯಿತು.

ಒಂದು ಸಂಜೆ ಅಡುಗೆಮನೆ ಮೇಜಿನ ಮೇಲೆ ಹಾಳೆ ಹಾಕಿಕೊಂಡು ಕೂತೆವು. ನಿಲ್ಲಿಸಲು ಆಗದ್ದು ಒಂದು ಕಡೆ, ಇಳಿಸಬಹುದಾದ್ದು ಇನ್ನೊಂದು ಕಡೆ, ನಿಲ್ಲಿಸಿದರೂ ನಡೆಯುವುದು ಮತ್ತೊಂದು ಕಡೆ. ಹೆಲ್ತ್ ಇನ್ಶೂರೆನ್ಸ್ ನಿಲ್ಲಿಸುವ ಹಾಗಿಲ್ಲ, ಅದು ವೀಸಾದ ಷರತ್ತು. ಜಿಮ್, ಎರಡು ಟಿವಿ ಚಂದಾ, ಹೊರಗಿನ ಊಟ ಅವತ್ತೇ ಹೋದವು. ಟ್ರೈನಿನ ಖರ್ಚು, ಪೆಟ್ರೋಲ್ ತಾವಾಗಿಯೇ ಇಳಿದವು. ಇಷ್ಟೆಲ್ಲ ಸೇರಿಸಿದರೂ ದೊಡ್ಡ ಮೊತ್ತ ಆಗಲಿಲ್ಲ. ಮನೆ ಖರ್ಚಿನಲ್ಲಿ ದೊಡ್ಡದು ಬಾಡಿಗೆಯೇ. ಅದನ್ನು ಮುಟ್ಟದೆ ಉಳಿದದ್ದನ್ನು ಎಷ್ಟು ಹಿಂಡಿದರೂ ಪ್ರಯೋಜನ ಕಡಿಮೆ.

ನಮ್ಮ ಬಾಡಿಗೆ ವಾರಕ್ಕೆ 400 ಡಾಲರ್. ಊರಿನಿಂದ ಬಂದವರು ಇದನ್ನು ತಿಂಗಳಿಗೆ 1,600 ಅಂತ ಲೆಕ್ಕ ಹಾಕುತ್ತಾರೆ. ವರ್ಷಕ್ಕೆ 52 ವಾರ ನೋಡಿ, ತಿಂಗಳಿಗೆ 1,733ರ ಹತ್ತಿರ ಬರುತ್ತದೆ. ಈ ವ್ಯತ್ಯಾಸ ಬಜೆಟ್‌ನಲ್ಲಿ ಮೊದಲೇ ಸೇರಿಸಿಕೊಳ್ಳಿ.

ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 2020ರ ಮಾರ್ಚ್ ಕೊನೆಯಿಂದ ಒಂದು ವರ್ಷ, ಕೊರೋನಾದಿಂದ ಬಾಡಿಗೆ ಕಟ್ಟಲಾಗದವರನ್ನು ಮನೆ ಬಿಡಿಸುವುದಕ್ಕೆ ತಡೆ ಇತ್ತು. ಬಾಡಿಗೆ ಇಳಿಸಿ ಅಂತ ಕೇಳುವ ದಾರಿಯೂ ಇತ್ತು. ನಾನು ಏಜೆಂಟ್‌ಗೆ ಕಾಗದ ಬರೆದೆ. ಹಳೆಯ ಪೇಸ್ಲಿಪ್, ಹೊಸ ಪೇಸ್ಲಿಪ್, ಯಜಮಾನರ ಕೆಲಸ ನಿಂತ ಪತ್ರ ಮೂರನ್ನೂ ಜೊತೆಗಿಟ್ಟೆ. "ವಾರಕ್ಕೆ 320 ಕಟ್ಟಬಲ್ಲೆವು, ಇಷ್ಟು ತಿಂಗಳಿಗೆ" ಅಂತ ಅಂಕಿ ಹಾಕಿ ಕೇಳಿದೆ. ಉತ್ತರ ಬಂತು: "ಬಾಡಿಗೆ ಇಳಿಸುವುದಿಲ್ಲ, 80 ಡಾಲರ್ ಮುಂದಕ್ಕೆ ಹಾಕುತ್ತೇವೆ, ಆಮೇಲೆ ಕಟ್ಟಿ."

ಇಲ್ಲಿ ಸ್ವಲ್ಪ ನಿಂತು ಓದಿ. ಮುಂದಕ್ಕೆ ಹಾಕಿದ ಬಾಡಿಗೆ ಅಂದರೆ ಸಾಲ. ಆರು ತಿಂಗಳಾದರೆ 26 ವಾರ, ವಾರಕ್ಕೆ 80ರಂತೆ 2,080 ಡಾಲರ್ ತಲೆ ಮೇಲೆ. ಈಗ ತಾನೇ ಸಾಲದಿಂದ ಎದ್ದು ಬಂದವರು ಹೆಸರು ಬೇರೆಯಾದ ಸಾಲಕ್ಕೆ ಯಾಕೆ ಸಹಿ ಹಾಕಬೇಕು? ಆಗಲ್ಲ ಅಂತ ವಿನಯವಾಗಿಯೇ ಮತ್ತೆ ಬರೆದೆ. ಕೊನೆಗೆ 340ಕ್ಕೆ ಒಪ್ಪಿದರು, ಉಳಿದದ್ದು ಮನ್ನಾ. ಒಪ್ಪಂದದಲ್ಲಿ "ಇಳಿಕೆ" ಅಂತಲೇ ಬರೆಸಿ, ಕನ್ಸ್ಯೂಮರ್ ಅಫೇರ್ಸ್ ವಿಕ್ಟೋರಿಯಾ ಅನ್ನುವ ಸರ್ಕಾರಿ ಕಚೇರಿಯಲ್ಲಿ ನೋಂದಾಯಿಸಿದೆವು.

ಆ ವರ್ಷ ಎಲ್ಲ ಕಡೆಯೂ ಇದೇ ಕಥೆ. ಇಲ್ಲಿ ಮನೆ ಕೊಂಡಿದ್ದ ಸ್ನೇಹಿತರಿಗೆ ಬ್ಯಾಂಕುಗಳು ಆರು ತಿಂಗಳು ಕಂತು ಬೇಡ ಅಂದವು. ಬಡ್ಡಿ ಮಾತ್ರ ಓಡುತ್ತಲೇ ಇತ್ತು, ಅಸಲಿಗೆ ಸೇರುತ್ತಿತ್ತು. ಊರಲ್ಲಿ ರಿಸರ್ವ್ ಬ್ಯಾಂಕ್ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಮೊರಟೋರಿಯಂ, ಅಂದರೆ ಕಂತು ಮುಂದೂಡುವ ಅವಕಾಶ, ಕೊಟ್ಟಾಗಲೂ ಅಷ್ಟೇ, ಬಡ್ಡಿ ನಿಂತಿರಲಿಲ್ಲ. ಬೇರೆ ದಾರಿ ಇಲ್ಲದವರು ತಗೊಂಡರು, ಅದು ತಪ್ಪಲ್ಲ. ದಾರಿ ಇದ್ದವರೂ ಸುಮ್ನೆ ಸಿಗುತ್ತೆ ಅಂತ ತಗೊಂಡದ್ದು ನನಗೆ ಬೇಸರ ತಂದಿತು. ನಾಲ್ಕು ಕಂತಿನಲ್ಲಿ ಬಟ್ಟೆ, ಫೋನು ಕೊಡುವ ಆಫ್ಟರ್‌ಪೇ ಥರದ್ದನ್ನೂ ಈ ಸಾಲಿಗೇ ಸೇರಿಸಿ.

ಇನ್ನೊಂದು ಬಾಗಿಲು ತೆರೆದಿತ್ತು. ಸೂಪರ್, ಅಂದರೆ ನಮ್ಮ ಪಿಎಫ್ ಥರದ ನಿವೃತ್ತಿ ದುಡ್ಡು. ತಾತ್ಕಾಲಿಕ ವೀಸಾದವರೂ ಕೆಲವು ಷರತ್ತಿನ ಮೇಲೆ, 2020ರ ಜೂನ್ 30ರ ಒಳಗೆ ಒಂದು ಸಲ 10,000 ಡಾಲರ್‌ವರೆಗೆ ತೆಗೆಯಬಹುದಿತ್ತು. ನಾವು ಅರ್ಜಿ ತುಂಬಿ, ಜೂನ್ ಕೊನೆಯವರೆಗೆ ಕಾದು ನೋಡಿದೆವು. ಬಾಡಿಗೆ ಇಳಿದಿತ್ತು, ಮನೆ ನಡೆಯುತ್ತಿತ್ತು, ತೆಗೆಯಲಿಲ್ಲ. ತೆಗೆದವರ ಬಗ್ಗೆ ನನಗೆ ಒಂದು ಮಾತೂ ಇಲ್ಲ. ಅದನ್ನು ಬಾಡಿಗೆಗೆ, ಊಟಕ್ಕೆ ಬಳಸಿದವರಿಗೆ ಅದೇ ಆಪದ್ಧನ ಆಯಿತು.

ಮೆಲ್ಬರ್ನ್ ಲಾಕ್‌ಡೌನ್ ಆಗಸ್ಟ್ 2ರಿಂದ ಇನ್ನೂ ಬಿಗಿ. ರಾತ್ರಿ ಎಂಟರಿಂದ ಬೆಳಗ್ಗೆ ಐದರವರೆಗೆ ಕರ್ಫ್ಯೂ, ಐದು ಕಿಲೋಮೀಟರ್ ಆಚೆ ಹೋಗುವ ಹಾಗಿಲ್ಲ, ದಿನಕ್ಕೆ ಮನೆಯಿಂದ ಒಬ್ಬರು ಮಾತ್ರ ಅಂಗಡಿಗೆ. ನಾವು ನಮ್ಮೂರಿನ ಸಾಮಾನು ತರುತ್ತಿದ್ದ ಡ್ಯಾಂಡಿನಾಂಗ್ ಬಡಾವಣೆ ದೂರ. ಹತ್ತಿರದ ಸೂಪರ್‌ಮಾರ್ಕೆಟ್‌ನಲ್ಲಿ ತೊಗರಿಬೇಳೆ ಇಲ್ಲ, ಹಳದಿ ಬಟಾಣಿ ಬೇಳೆ ಇತ್ತು, ಅಗ್ಗವಾಗಿ. ಅದನ್ನು ಒಂದು ಗಂಟೆ ನೆನೆಸಿ, ಕುಕ್ಕರಿನಲ್ಲಿ ಎರಡು ಕೂಗು ಜಾಸ್ತಿ ಕೂಗಿಸಿ, ಹುಣಸೆಹಣ್ಣು ಸ್ವಲ್ಪ ಮುಂದಾಗಿ ಹಾಕಿದರೆ ಸಾರು ಚೆನ್ನಾಗಿಯೇ ಆಗುತ್ತದೆ. ಸೋನಾ ಮಸೂರಿ ಮೂಟೆ ಮೊದಲೇ ತಂದಿಟ್ಟಿದ್ದೆವು. ಊಟದ ಖರ್ಚು ಇಳಿಯಿತು, ಗ್ಯಾಸ್ ಬಿಲ್ ಏರಿತು. ಇಲ್ಲಿ ಜೂನ್‌ನಿಂದ ಆಗಸ್ಟ್ ಚಳಿಗಾಲ, ಇಡೀ ದಿನ ಮನೆಯಲ್ಲೇ ಇದ್ದರೆ ಹೀಟರ್ ಉರಿಯುತ್ತಲೇ ಇರುತ್ತದೆ. ಇಬ್ಬರೂ ಒಂದೇ ರೂಮಿನಲ್ಲಿ ಕೂರುತ್ತಿದ್ದೆವು, ನನ್ನ ಆಫೀಸ್ ಕೆಲಸವೂ ಅಲ್ಲೇ. ಮನೆಯಿಂದ ಕೆಲಸ ಮಾಡಿದ ಗಂಟೆಗೆ 80 ಸೆಂಟ್‌ನಂತೆ ತೆರಿಗೆ ಲೆಕ್ಕದಲ್ಲಿ ಖರ್ಚು ತೋರಿಸಲು ಆ ವರ್ಷ ಬಿಟ್ಟಿದ್ದರು. ಗಂಟೆಗಳನ್ನು ಡೈರಿಯಲ್ಲಿ ಬರೆದಿಟ್ಟದ್ದು ಉಪಯೋಗಕ್ಕೆ ಬಂತು.

ಅಪ್ಪ ಅಮ್ಮನಿಗೆ ಕಳಿಸುವ ದುಡ್ಡು ನಿಲ್ಲಿಸಲಿಲ್ಲ, ಅರ್ಧ ಮಾಡಿದೆವು. ಫೋನಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದೆ. "ನಮಗೆ ಪೆನ್ಶನ್ ಇದೆ, ನೀವು ಹುಷಾರು" ಅಂದರು ಅಪ್ಪ. ಮನೆಯವರಿಂದ ಮುಚ್ಚಿಟ್ಟು ಕ್ರೆಡಿಟ್ ಕಾರ್ಡಿನಿಂದ ಕಳಿಸುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಈಗ ನಿಮ್ಮ ವಿಷಯ. ಕೊನೆಯ ಕಂತು ಕಟ್ಟಿದ ಮುಂದಿನ ತಿಂಗಳೂ ಅದೇ ತಾರೀಕಿಗೆ, ಅಷ್ಟೇ ಮೊತ್ತ, ನಿಮ್ಮದೇ ಬೇರೊಂದು ಸೇವಿಂಗ್ಸ್ ಖಾತೆಗೆ ತಾನಾಗಿ ಹೋಗುವ ಹಾಗೆ ಹಾಕಿ. ಆ ದುಡ್ಡಿಲ್ಲದೆ ಬದುಕುವುದು ನಿಮಗೆ ಆಗಲೇ ಅಭ್ಯಾಸ ಆಗಿರುತ್ತದೆ. ಸಂಬಳ ಎರಡು ವಾರಕ್ಕೊಮ್ಮೆ ಬರುತ್ತಿದ್ದರೆ ವರ್ಷಕ್ಕೆ ಎರಡು ತಿಂಗಳು ಮೂರು ಸಂಬಳ ಬರುತ್ತವೆ. ಆ ಮೂರನೆಯದೂ ಅಲ್ಲಿಗೇ ಹೋಗಲಿ. ಶೇರು ಬೇಡ, ಊರಿನ ಚೀಟಿ ಬೇಡ. ಬಡ್ಡಿ ಕಡಿಮೆ ಇದ್ದರೂ ಪರವಾಗಿಲ್ಲ. ಇಲ್ಲಿನ ಬ್ಯಾಂಕಿನಲ್ಲಿ ಒಬ್ಬರ ಹೆಸರಿನ 2,50,000 ಡಾಲರ್‌ವರೆಗಿನ ಠೇವಣಿಗೆ ಸರ್ಕಾರದ ಖಾತರಿ ಇದೆ.

ಆರು ತಿಂಗಳು ಯಾಕೆ ಅಂದರೆ, ನಮ್ಮ ಕಾಲದಲ್ಲಿ 482ರವರ ಕೆಲಸ ಹೋದರೆ ಹೊಸ ಸ್ಪಾನ್ಸರ್ ಹುಡುಕಲು 60 ದಿನ ಇತ್ತು. 2024ರ ಜುಲೈಯಿಂದ ಅದು ಒಂದು ಸಲಕ್ಕೆ 180 ದಿನ ಆಗಿದೆ. ಆ ದಿನಗಳು ಕಾಗದದ ಮೇಲೆ ಇದ್ದರೆ ಸಾಲದು, ಅಷ್ಟು ದಿನ ಬಾಡಿಗೆ ಕಟ್ಟಿ ಇಲ್ಲಿ ಇರಲು ದುಡ್ಡೂ ಬೇಕು. ಅದು ಕೂಡಿದ ಮೇಲೆ ಸೈಟೋ ಡೆಪಾಸಿಟ್ಟೋ ಅಂತ ಮತ್ತೆ ಕೇಳಿ. ನಿಮ್ಮ ಬಾಡಿಗೆ, ಸಂಬಳ, ಊರಿಗೆ ಕಳಿಸುವ ಮೊತ್ತ ಬರೆದು ಕಳಿಸಿದರೆ ಇಬ್ಬರೂ ಕೂತು ಲೆಕ್ಕ ಹಾಕೋಣ.