ಓದುಗರ ಪ್ರಶ್ನೆ: ಎಷ್ಟು ಪಾಲು ಎನ್ನುವ ಮೊದಲು ಯಾವುದರಲ್ಲಿ ಪಾಲು ಎಂದು ಕೇಳಿ

ಪ್ರಶ್ನೆ: ನಮ್ಮ ಸಮುದಾಯ ತಲೆತಲಾಂತರದಿಂದ ಬಳಸುವ ಔಷಧಿ ಗಿಡದ ಮಾದರಿಯನ್ನೂ ಅದರ ಬಳಕೆಯ ವಿವರವನ್ನೂ ಹೊರದೇಶದ ಕಂಪನಿಯೊಂದು ಕೇಳಿದೆ. ಶೇ 5ರಷ್ಟು ರಾಯಲ್ಟಿ ಕೊಡುತ್ತಾರಂತೆ. ಸಹಿ ಹಾಕಬಹುದೇ?

ಉತ್ತರ: ಈಗಲೇ ಬೇಡ. ಶೇ 5 ಯಾವುದರ ಮೇಲೆ ಎಂದು ಮೊದಲು ಬರಹದಲ್ಲಿ ಪಡೆಯಿರಿ. ದಕ್ಷಿಣ ಆಫ್ರಿಕಾದ ಸಾನ್ ಜನ ಹಸಿವು ತಡೆಯಲು ಜಗಿಯುವ ಹೂಡಿಯಾ ಗಿಡದ ಅಂಶಕ್ಕೆ ಅಲ್ಲಿನ ಸಂಶೋಧನಾ ಸಂಸ್ಥೆಯೊಂದು ಅವರನ್ನು ಕೇಳದೆಯೇ ಪೇಟೆಂಟ್ ಪಡೆದಿತ್ತು. ಕೊನೆಗೆ 2003ರಲ್ಲಿ ಒಪ್ಪಂದವಾಗಿ ಸಾನ್ ಜನರಿಗೆ ರಾಯಲ್ಟಿಯಲ್ಲಿ ಶೇ 6, ಸಂಶೋಧನೆಯ ಒಂದೊಂದು ಹಂತ ದಾಟಿದಾಗ ಬರುವ ಹಣದಲ್ಲಿ ಶೇ 8 ಗೊತ್ತಾಯಿತು. ಆದರೆ ಆ ಶೇ 6 ಮಾರಾಟದ ಮೇಲಲ್ಲ, ಸಂಸ್ಥೆಯ ಕೈಗೆ ಬರುವ ರಾಯಲ್ಟಿಯ ಮೇಲೆ. ಸಂಸ್ಥೆಗೆ ಮಾರಾಟದ ಶೇ 3 ಸಿಗುತ್ತದೆ ಎಂದುಕೊಂಡರೆ, ಹತ್ತು ಸಾವಿರದ ವ್ಯಾಪಾರದಲ್ಲಿ ಸಾನ್ ಪಾಲು 18 ಮಾತ್ರ! ಅದೂ ಉತ್ಪನ್ನ ಅಂಗಡಿಗೆ ಬಂದರೆ. ಹೂಡಿಯಾದಿಂದ ಉತ್ಪನ್ನ ತಯಾರಿಸಲು ಹೊರಟಿದ್ದ ಯೂನಿಲೀವರ್ ಕಂಪನಿ 2008ರಲ್ಲಿ ಯೋಜನೆಯನ್ನೇ ಕೈಬಿಟ್ಟಿತು.

ಹಾಗಾಗಿ ರಾಯಲ್ಟಿಯನ್ನೇ ನೆಚ್ಚಬೇಡಿ. ಮಾದರಿ ಕೊಡುವಾಗಲೇ ಮುಂಗಡ, ಪೇಟೆಂಟ್ ಅರ್ಜಿ ಹಾಕಿದಾಗ ಇಷ್ಟು, ಮನುಷ್ಯರ ಮೇಲೆ ಪ್ರಯೋಗ ಶುರುವಾದಾಗ ಇಷ್ಟು ಎಂದು ಬರೆಸಿ. ರಾಯಲ್ಟಿಯನ್ನು ನಿವ್ವಳ ಮಾರಾಟದ ಮೇಲೆ ಕೇಳಿ, ‘ಲಾಭದ ಮೇಲೆ’ ಎಂದರೆ ಒಪ್ಪಬೇಡಿ. ಖರ್ಚು ತೋರಿಸಿ ಲಾಭವನ್ನು ಸೊನ್ನೆ ಮಾಡುವುದು ಸುಲಭ. ಲೆಕ್ಕಪತ್ರ ತಪಾಸಣೆಯ ಹಕ್ಕೂ ನಿಮಗಿರಲಿ.

ಇನ್ನೊಂದು ಅಪಾಯ ಮಾದರಿ ಕೈಬದಲಾಗುವುದು. ಇಥಿಯೋಪಿಯಾ 2005ರಲ್ಲಿ ತನ್ನ ಟೆಫ್ ಧಾನ್ಯದ ಬಗ್ಗೆ ಡಚ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. 2009ರಲ್ಲಿ ಕಂಪನಿ ದಿವಾಳಿಯಾಯಿತು, ಟೆಫ್ ಹಿಟ್ಟಿನ ಮೇಲೆ ಅದು ಪಡೆದಿದ್ದ ಪೇಟೆಂಟ್ ಬೇರೆಯವರ ಪಾಲಾಯಿತು. ಡಚ್ ಪೇಟೆಂಟನ್ನು ಹೇಗ್ ನ್ಯಾಯಾಲಯ ಅನೂರ್ಜಿತಗೊಳಿಸಿದ್ದು 2018ರಲ್ಲಿ. ಆದ್ದರಿಂದ ಮಾದರಿ, ಮಾಹಿತಿ, ಪೇಟೆಂಟ್ ಯಾರ ಕೈಗೆ ಹೋದರೂ ಈ ಷರತ್ತುಗಳೂ ಜೊತೆಗೇ ಹೋಗಬೇಕು, ಕಂಪನಿ ಮುಚ್ಚಿದರೆ ಹಕ್ಕು ನಿಮಗೆ ಮರಳಬೇಕು ಎಂಬ ಕಲಮು ಬೇಕೇ ಬೇಕು. ಸಂಶೋಧನೆಗೆಂದು ಒಯ್ದದ್ದನ್ನು ವ್ಯಾಪಾರಕ್ಕೆ ಬಳಸುವುದಾದರೆ ಮತ್ತೆ ಅನುಮತಿ ಪಡೆಯಬೇಕೆಂದೂ ಸೇರಿಸಿ. ಗಿಡದ ಜೀನ್ ವಿವರ ಕಂಪ್ಯೂಟರಿಗೆ ಸೇರಿದ ಮೇಲೆ ಗಿಡವೇ ಬೇಕಾಗದು, ಹಾಗಾಗಿ ಅದನ್ನೂ ಹೆಸರಿಸಿ ಬರೆಸಿ.

2014ರ ಅಕ್ಟೋಬರ್ 12ರಿಂದ ಜಾರಿಯಲ್ಲಿರುವ ನಗೋಯಾ ಪ್ರೋಟೋಕಾಲ್ (ಗಿಡ, ಪ್ರಾಣಿಗಳಂಥ ಜೈವಿಕ ಸಂಪತ್ತಿನ ಬಳಕೆ ಮತ್ತು ಲಾಭ ಹಂಚಿಕೆಯ ಅಂತರರಾಷ್ಟ್ರೀಯ ಒಪ್ಪಂದ) ಪ್ರಕಾರ, ದೇಶದ ಕಾನೂನು ಕೇಳುವಲ್ಲೆಲ್ಲ ಮಾದರಿ ಒಯ್ಯುವ ಮೊದಲೇ ಸರ್ಕಾರದ ಅನುಮತಿ ಬೇಕು. ನಿಮ್ಮ ಸಾಂಪ್ರದಾಯಿಕ ಜ್ಞಾನಕ್ಕೆ ಸಮುದಾಯದ ಒಪ್ಪಿಗೆ ಬೇರೆಯೇ. ಒಂದಿದ್ದರೆ ಇನ್ನೊಂದು ಬೇಡ ಎನ್ನುವವರನ್ನು ನಂಬಬೇಡಿ.

ಪ್ರಶ್ನೆ: ತಳಿಗಳ ಬೀಜ ಕಾದಿಡುವ ಜೀನ್ ಬ್ಯಾಂಕಿನಿಂದ ಗೋಧಿ ತಳಿ ತರಿಸಲೂ ಇಷ್ಟೆಲ್ಲ ಮಾತುಕತೆ ಬೇಕೇ?

ಉತ್ತರ: ಸಾಮಾನ್ಯವಾಗಿ ಬೇಡ. ಗೋಧಿ 2004ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಒಪ್ಪಂದದ 64 ಬೆಳೆಗಳ ಪಟ್ಟಿಯಲ್ಲಿದೆ. ಸಂಶೋಧನೆಗೆ, ತಳಿ ಅಭಿವೃದ್ಧಿಗೆ, ತರಬೇತಿಗೆ ಸಿದ್ಧ ನಮೂನೆಯ ಕರಾರಿಗೆ ಒಪ್ಪಿದರೆ ಸಾಕು. ಅದರಿಂದ ಬಂದ ಹೊಸ ತಳಿಯನ್ನು ಬೇರೆಯವರ ಸಂಶೋಧನೆಗೆ ಸಿಗದಂತೆ ಪೇಟೆಂಟಿನಲ್ಲಿ ಬಿಗಿದು ಮಾರಿದರೆ, ಮಾರಾಟದಲ್ಲಿ ಶೇ 30 ಕಳೆದು ಉಳಿದದ್ದರ ಶೇ 1.1 ಅನ್ನು ಒಪ್ಪಂದದ ನಿಧಿಗೆ ಕಟ್ಟಬೇಕು. ಮುಕ್ತವಾಗಿಟ್ಟರೆ ಕಡ್ಡಾಯವಿಲ್ಲ.