ಗುಣವಾಗಿ ಬಂದರೂ ಮನೆಯಿಂದ ಹೊರಗೆ ಕಾಲಿಡದವರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಮ್ಮನಿಗೆ 73. ನ್ಯುಮೋನಿಯಾ ಆಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಎದೆ ಪೂರ್ತಿ ಸರಿಹೋಗಿದೆ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಎರಡು ತಿಂಗಳಾದರೂ ಶನಿವಾರದ ಭಜನೆಗೆ ಹೋಗುತ್ತಿಲ್ಲ. ಕೇಳಿದರೆ "ಯಾಕೋ ಬೇಜಾರು" ಎನ್ನುತ್ತಾರೆ. ಇದು ಖಿನ್ನತೆಯೇ?
– ಓದುಗರು, ಹಾಸನ

ಉತ್ತರ: ಇರಬಹುದು. ಆದರೆ ಮನಸ್ಸಿಗೆ ಹೋಗುವ ಮುಂಚೆ ಕಾಲು, ಮೂತ್ರ, ಕಿವಿ ಈ ಮೂರನ್ನು ನೋಡಿ. ವಯಸ್ಸಾದವರು ಇವನ್ನು ಬಾಯಿಬಿಟ್ಟು ಹೇಳಲು ನಾಚುತ್ತಾರೆ, "ಬೇಜಾರು" ಅಂದುಬಿಡುತ್ತಾರೆ.

ಮೊದಲು ಕಾಲು. ಹತ್ತು ದಿನ ಹಾಸಿಗೆ ಹಿಡಿದರೆ ಆರೋಗ್ಯವಂತ ವೃದ್ಧರ ಕಾಲುಗಳಿಂದಲೂ ಸುಮಾರು 1 ಕಿಲೋ ಸ್ನಾಯು ಕರಗುತ್ತದೆ ಎಂದು 2007ರ ಒಂದು ಅಧ್ಯಯನ ತೋರಿಸಿದೆ. ಜ್ವರ, ಊಟ ಸೇರದಿರುವುದು ಜೊತೆಗಿದ್ದರೆ ಇನ್ನೂ ಕಷ್ಟ. ಮನೆಯಲ್ಲೇ ಪರೀಕ್ಷಿಸಿ. ಕೈಯಿರುವ ಕುರ್ಚಿಯಲ್ಲಿ ಕೂರಿಸಿ, 3 ಮೀಟರ್ ದೂರದಲ್ಲಿ ಗೆರೆ ಎಳೆಯಿರಿ. ಎದ್ದು, ಮಾಮೂಲಿ ನಡಿಗೆಯಲ್ಲಿ ಗೆರೆ ಮುಟ್ಟಿ, ತಿರುಗಿ ಬಂದು ಕೂರಲಿ. ನೀವು ಪಕ್ಕದಲ್ಲೇ ಇರಿ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ. ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಅಲ್ಲಿಯವರೆಗೆ ಗೋಡೆಗೆ ಒರಗಿಸಿಟ್ಟ ಕುರ್ಚಿಯಿಂದ ಎದ್ದು ಕೂರುವುದು, ಒಮ್ಮೆಗೆ ಐದು ಸಲ, ದಿನಕ್ಕೆ ಮೂರು ಹೊತ್ತು. ಹಿಮ್ಮಡಿ ಮಂಡಿಗಿಂತ ಸ್ವಲ್ಪ ಹಿಂದಿರಬೇಕು. ಪಾದ ಮುಂದಕ್ಕೆ ಚಾಚಿಕೊಂಡಿದ್ದರೆ ಏಳಲಾಗುವುದಿಲ್ಲ. ಸೋಫಾ ಬೇಡ, ಸೊಂಟ ಹೂತುಹೋಗುತ್ತದೆ.

ಭಜನೆಯಲ್ಲಿ ಚಾಪೆಯ ಮೇಲೆ ಕೂತರೆ ಏಳುವಾಗ ಯಾರಾದರೂ ಕೈ ಹಿಡಿಯಬೇಕಲ್ಲ ಎಂಬ ಸಂಕೋಚವೇ ಎಷ್ಟೋ ಜನರನ್ನು ಮನೆಯಲ್ಲಿ ಕೂರಿಸಿರುತ್ತದೆ. ಮಂಡಳಿಯವರಿಗೆ ಹೇಳಿ ಒಂದಲ್ಲ, ನಾಲ್ಕು ಕುರ್ಚಿ ಹಾಕಿಸಿ. ಒಂದೇ ಇದ್ದರೆ ಅಮ್ಮ ಅದರಲ್ಲಿ ಕೂರುವುದಿಲ್ಲ.

ಮೂತ್ರದ ವಿಷಯವನ್ನು ಮಗಳೋ ಸೊಸೆಯೋ ಏಕಾಂತದಲ್ಲಿ ಕೇಳಲಿ. "ಎಷ್ಟು ಹೊತ್ತು ತಡೆದುಕೊಳ್ಳೋಕಾಗುತ್ತೆ?" ಎಂದರೆ ಸಾಕು. ಫ್ಯೂರೊಸೆಮೈಡ್‌ನಂಥ ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿದ ಒಂದು ಗಂಟೆಯೊಳಗೆ ಶುರುವಾಗಿ ಸುಮಾರು ಆರು ಗಂಟೆ ಕೆಲಸ ಮಾಡುತ್ತದೆ. ಭಜನೆಯ ದಿನ ಹೊತ್ತು ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ. ನೀರು ಕಡಿಮೆ ಕುಡಿಯುವ ಉಪಾಯ ತಿರುಗುಬಾಣವಾಗುತ್ತದೆ: ಮೂತ್ರ ಗಟ್ಟಿಯಾಗಿ ಚೀಲವನ್ನು ಕೆರಳಿಸುತ್ತದೆ, ಮಲಬದ್ಧತೆ, ತಲೆಸುತ್ತು ಬೇರೆ. ಸರಿಯಾಗಿ ಕೇಳಿಸದಿದ್ದರೂ ಭಜನೆ ಬೇಡವೆನಿಸಬಹುದು, ಕಿವಿಯಲ್ಲಿ ಗುಗ್ಗೆ ಕಟ್ಟಿದೆಯೇ ಎಂದೂ ತೋರಿಸಿ.

ಇವೆಲ್ಲ ಸರಿಯಿದ್ದೂ ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಊಟ, ಆಸಕ್ತಿ ಕುಗ್ಗಿದ್ದರೆ ಖಂಡಿತ ವೈದ್ಯರ ಬಳಿ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ತಾಲ್ಲೂಕು ಆಸ್ಪತ್ರೆಯಲ್ಲಿ ಮೂರು ವರ್ಷದಿಂದ ನರ್ಸ್ ಆಗಿದ್ದೇನೆ. ಇಂಜೆಕ್ಷನ್, ಡ್ರಿಪ್, ಡ್ರೆಸಿಂಗ್ ಎಲ್ಲ ಚೆನ್ನಾಗಿ ಬರುತ್ತೆ. ವಯಸ್ಸಾದ ರೋಗಿಗಳ ವಿಷಯದಲ್ಲಿ ಮಾತ್ರ ಏನೋ ಕೈತಪ್ಪುತ್ತಿದೆ ಅನಿಸುತ್ತದೆ. ಏನು ಕಲಿಯಲಿ?
– ಓದುಗರು, ಚಿತ್ರದುರ್ಗ ಜಿಲ್ಲೆ

ಉತ್ತರ: ನರ್ಸ್ ಪರಿಣತಿಯ ಐದು ಹಂತಗಳನ್ನು ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪೆಟ್ರಿಶಿಯಾ ಬೆನ್ನರ್ 1984ರಲ್ಲಿ ವಿವರಿಸಿದರು. ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷ ಕಳೆದವರು ಮೂರನೆಯ ಹಂತದಲ್ಲಿರುತ್ತಾರೆ. ಕೈ ಪಳಗಿರುತ್ತದೆ, ಕಣ್ಣು ಪಳಗಬೇಕು.

ಉಸಿರಿನಿಂದ ಶುರುಮಾಡಿ. ಎಷ್ಟೋ ಕೇಸ್ ಶೀಟುಗಳಲ್ಲಿ ಎಲ್ಲರ ಉಸಿರೂ ನಿಮಿಷಕ್ಕೆ 20, ಎಣಿಸದೆ ಬರೆದದ್ದು. ಪೂರ್ತಿ 60 ಸೆಕೆಂಡ್ ಎಣಿಸಿ, ರೋಗಿಗೆ ಗೊತ್ತಾಗದಂತೆ, ನಾಡಿ ಹಿಡಿದಂತೆಯೇ. ವೃದ್ಧರಿಗೆ ಸೋಂಕಿದ್ದರೂ ಜ್ವರ ಬಾರದಿರಬಹುದು. ಎಷ್ಟೋ ಸಲ ಉಸಿರೇ ಮೊದಲು ಏರುತ್ತದೆ. 25 ಮುಟ್ಟಿದರೆ ತಡಮಾಡದೆ ಡಾಕ್ಟರಿಗೆ ತಿಳಿಸಿ.

ಕೂಗಾಡುವ ಅಜ್ಜ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಸುಮ್ಮನೆ ಮಲಗಿ, ಕೇಳಿದ್ದಕ್ಕೆ ತಡವಾಗಿ ಉತ್ತರಿಸುವ ಅಜ್ಜಿಯನ್ನು "ಪಾಪ, ಸುಸ್ತು" ಎಂದು ಬಿಟ್ಟುಬಿಡುತ್ತೇವೆ. ಅದೂ ಡೆಲಿರಿಯಂ (ಕಾಯಿಲೆಯಿಂದ ಇದ್ದಕ್ಕಿದ್ದಂತೆ ಬರುವ ಮನಸ್ಸಿನ ಗೊಂದಲ) ಆಗಿರಬಹುದು. ವಾರದ ದಿನಗಳನ್ನು ಭಾನುವಾರದಿಂದ ಹಿಂದಕ್ಕೆ ಹೇಳಿಸಿ. ಓದು ಬಾರದವರೂ ಹೇಳಬಲ್ಲರು. ಮನೆಯವರನ್ನು ಕೇಳಿ: "ನಿನ್ನೆ ಮೊನ್ನೆ ಇದ್ದ ಹಾಗೆ ಇದ್ದಾರಾ?" ಅನುಮಾನವಿದ್ದರೆ ವರದಿ ಮಾಡಿ, ಕನ್ನಡಕ, ಕಿವಿಯಂತ್ರ ತರಿಸಿ ಹಾಕಿಸಿ.

ಮಲಗಿ ಐದು ನಿಮಿಷವಾದ ಮೇಲೆ ಬಿ.ಪಿ. ನೋಡಿ, ನಿಲ್ಲಿಸಿ 1ನೇ ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಒಬ್ಬರನ್ನೇ ಬಾತ್‌ರೂಮಿಗೆ ಕಳಿಸಬೇಡಿ. ಮೂತ್ರದ ಕ್ಯಾಥೆಟರ್ (ಕೊಳವೆ) ಇವತ್ತೂ ಬೇಕೇ ಎಂದು ಪ್ರತಿದಿನ ರೌಂಡ್ಸ್‌ನಲ್ಲಿ ಕೇಳಿ. ಅದು ಸೋಂಕಿಗೂ ದಾರಿ, ಮಂಚಕ್ಕೆ ಕಟ್ಟಿದ ಹಗ್ಗವೂ ಹೌದು.

ದಾಖಲಾದ ದಿನವೇ ಒಂದು ಪ್ರಶ್ನೆ ಕೇಳಿ ಬರೆದಿಡಿ: "ಕಾಯಿಲೆಗೆ ಮುಂಚೆ ವಾರದಲ್ಲಿ ಎಲ್ಲೆಲ್ಲಿಗೆ ಹೋಗ್ತಿದ್ರಿ?" ಸಂತೆ, ಅರಳಿಕಟ್ಟೆ, ಡೇರಿ, ಏನೇ ಇರಲಿ. ಡಿಸ್ಚಾರ್ಜ್ ದಿನ ಅಲ್ಲಿಗೆ ನಡೆದುಹೋಗಬಲ್ಲರೇ ಎಂದು ನೋಡಿ. ನಮ್ಮ ಪ್ರಕಾರ ಟೆಂಪರೇಚರ್ ಚಾರ್ಟಿನಷ್ಟೇ ಮುಖ್ಯ ಇದು.

ಪ್ರಶ್ನೆ: ಆಸ್ಪತ್ರೆಯಲ್ಲಿ ಅಪ್ಪನನ್ನು ನಾವೇ ಎಬ್ಬಿಸಿ ನಡೆಸಬಹುದೇ?
– ಓದುಗರು, ಶಿರಸಿ

ಉತ್ತರ: ನರ್ಸ್ ಅಥವಾ ಡಾಕ್ಟರು ಸರಿ ಎಂದ ಮೇಲೆ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಎರಡು ನಿಮಿಷ ಕೂರಲಿ, ತಲೆ ಸುತ್ತುತ್ತಿಲ್ಲ ಎಂದ ಮೇಲೆ ನಿಲ್ಲಲಿ. ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಭುಜ ಜಾರಬಹುದು. ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿ ಅದನ್ನು ಹಿಡಿಯಿರಿ. ಹವಾಯಿ ಚಪ್ಪಲಿ ಬದಲು ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ತಂದುಕೊಡಿ.