ಬಾಲದ ಮಾತು: ಅಜಿಲಿಟಿಗೆ ಯಾವ ತಳಿ, ಯಾವಾಗಿನಿಂದ ತರಬೇತಿ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಜಿಲಿಟಿಯ ಬಗ್ಗೆಯೇ ಇದ್ದವು. ನಾಯಿ ಹರ್ಡಲ್ ಹಾರಿ, ಟನೆಲ್ ನುಸುಳಿ, ಸಾಲುಕಂಬಗಳ ನಡುವೆ ಬಳುಕುತ್ತಾ ಓಡುವ ಆಟ ಇದು. ಪಕ್ಕದಲ್ಲೇ ಓಡುವ ಒಡೆಯ ಕೈಸನ್ನೆ, ಮೈಸನ್ನೆ, ಮಾತಿನಲ್ಲೇ ದಾರಿ ತೋರಿಸಬೇಕು, ನಾಯಿಯನ್ನು ಮುಟ್ಟುವಂತಿಲ್ಲ. ಹದಿನೆಂಟು ವರ್ಷದಿಂದ ನಾಲ್ಕು ನಾಯಿಗಳ ಜೊತೆ ಈ ಮೈದಾನದಲ್ಲಿ ಓಡಿದ್ದೇನೆ. ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಮೇಡಂ, ನಾನು, ನನ್ನ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಅಜಿಲಿಟಿ ವಿಡಿಯೋ ನೋಡಿ ನೋಡಿ ಆಸೆ ಹತ್ತಿದೆ. ಗೆಲ್ಲುವುದೆಲ್ಲ ಬಾರ್ಡರ್ ಕೋಲಿಗಳೇ. ಒಂದು ಮರಿ ತರೋಣ ಅಂತಿದ್ದೇವೆ. ಸರಿಯೇ?

ದೊಡ್ಡ ನಾಯಿಗಳ ವಿಭಾಗದಲ್ಲಿ ಬಾರ್ಡರ್ ಕೋಲಿಗಳದೇ ಮೇಲುಗೈ, ಅದು ನಿಜ. ಕುರಿ ಕಾಯಲೆಂದೇ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ತಳಿ. ದೂರದಲ್ಲಿ ನಿಂತ ಕುರುಬನ ಒಂದು ಸಿಳ್ಳೆಗೆ ಗಕ್ಕನೆ ನಿಲ್ಲುತ್ತದೆ, ಇನ್ನೊಂದಕ್ಕೆ ಎಡಕ್ಕೆ ಹೊರಳುತ್ತದೆ, ಕುರಿಯ ಕಿವಿ ಅಲುಗಿದರೂ ಗುರುತಿಸುತ್ತದೆ. ಅಜಿಲಿಟಿಗೆ ಬೇಕಾದ್ದೂ ಇದೇ. ಆದರೆ ಆ ಚುರುಕು ಮೈದಾನದಲ್ಲೇ ಉಳಿಯುವುದಿಲ್ಲ, ನಿಮ್ಮ ಜೊತೆ ಮನೆಗೂ ಬರುತ್ತದೆ.

ನನ್ನ ಮೊದಲ ನಾಯಿ ಮಿಂಚು ಬಾರ್ಡರ್ ಕೋಲಿ. ಆಗ ನಾನೂ ಬೆಳಿಗ್ಗೆ ಎಂಟಕ್ಕೆ ಹೊರಟರೆ ಸಂಜೆ ವಾಪಸಾಗುತ್ತಿದ್ದೆ. ಒಂದು ಸಂಜೆ ಬಾಗಿಲು ತೆಗೆದಾಗ ಅವಳು ನನ್ನತ್ತ ಓಡಿ ಬರಲಿಲ್ಲ. ಇಳಿಬಿಸಿಲು ನನ್ನ ಕೈಗಡಿಯಾರದ ಗಾಜಿಗೆ ಬಿದ್ದು ಗೋಡೆಯ ಮೇಲೆ ಬೆಳಕಿನ ಚುಕ್ಕೆಯೊಂದು ಆಡುತ್ತಿತ್ತು. ಅವಳು ಅದರ ಹಿಂದೆ ಬಿದ್ದಳು, ಕರೆದರೂ ತಿರುಗಲಿಲ್ಲ. ಹತ್ತಿರ ಹೋಗಿ ನೋಡಿದರೆ ಗೋಡೆಯ ಬುಡದಲ್ಲಿ ಬಣ್ಣ ಕೆರೆದುಹೋಗಿತ್ತು, ಮುಂಗಾಲಿನ ಉಗುರು ಸವೆದಿತ್ತು. ನಾನಿಲ್ಲದ ಹೊತ್ತಿನಲ್ಲಿ ಇಡೀ ದಿನ ನೆರಳು-ಬೆಳಕು ಬೆನ್ನಟ್ಟುವುದೇ ಅವಳ ಕೆಲಸವಾಗಿತ್ತು. ಕೆಲಸ ಸಿಗದ ಕುರಿನಾಯಿಗಳು ಇಂಥ ಗೀಳಿಗೆ ಬೀಳುತ್ತವೆ ಎಂದು ಪಶುವೈದ್ಯರು ಹೇಳಿದಾಗಲೇ ನನಗೆ ತಿಳಿದದ್ದು. ಬಿಡಿಸಲು ಒಂದು ವರ್ಷ ಹಿಡಿಯಿತು. ಆ ವರ್ಷವನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದಕ್ಕೇ ನಿಮಗೆ ನೇರವಾಗಿ ಹೇಳುತ್ತೇನೆ: ಹಗಲಿಡೀ ಮನೆ ಖಾಲಿ ಇರುತ್ತದೆ ಎಂದಾದರೆ ಬಾರ್ಡರ್ ಕೋಲಿ ಬೇಡ.

ಗೆಲ್ಲುವ ಆಸೆಯನ್ನೂ ಬಿಡಬೇಕಿಲ್ಲ. ಎಫ್‌ಸಿಐ (ನಾಯಿ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ) ನಿಯಮದ ಸ್ಪರ್ಧೆಗಳಲ್ಲಿ ನಾಯಿಗಳನ್ನು ಹೆಗಲಿನ ಎತ್ತರ ನೋಡಿ ವಿಂಗಡಿಸುತ್ತಾರೆ. 35 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಸ್ಮಾಲ್, 43ರ ಒಳಗೆ ಮೀಡಿಯಂ, 48ರ ಒಳಗೆ ಇಂಟರ್‌ಮೀಡಿಯೇಟ್, ಅದಕ್ಕೂ ಮೇಲೆ ಲಾರ್ಜ್. ಅಂದರೆ ಚಿಕ್ಕ ನಾಯಿ ತಂದರೆ ದೊಡ್ಡ ಕೋಲಿಯ ಎದುರು ಓಡುವ ಪ್ರಮೇಯವೇ ಬರುವುದಿಲ್ಲ. ನಿಮ್ಮ ಮನೆಗೆ ನಾನು ಹೇಳುವುದು ಶೆಲ್ಟಿ (ಶೆಟ್‌ಲ್ಯಾಂಡ್ ಶೀಪ್‌ಡಾಗ್ ಎಂಬ ಚಿಕ್ಕ ಕುರಿನಾಯಿ), ಇಲ್ಲವೇ ಮಿನಿಯೇಚರ್ ಪೂಡಲ್. ಶೆಲ್ಟಿ ತುಂಬಾ ಬೊಗಳುತ್ತದೆ, ಅಕ್ಕಪಕ್ಕದವರನ್ನು ಮೊದಲೇ ಮಾತಾಡಿಸಿಟ್ಟುಕೊಳ್ಳಿ. ಪೂಡಲ್ ಬೇಗ ಕಲಿಯುತ್ತದೆ, ಕೂದಲಿನ ಆರೈಕೆ ಮಾತ್ರ ತಪ್ಪುವುದಿಲ್ಲ. ಪ್ಯಾಪಿಯಾನ್ ಕೂಡ ಚುರುಕು, ಮೂಳೆ ಸಣ್ಣದಾದ್ದರಿಂದ ಎತ್ತರದಿಂದ ಜಿಗಿಯಲು ಬಿಡಬಾರದು. ಜ್ಯಾಕ್ ರಸೆಲ್ ಟೆರಿಯರ್‌ಗೆ ಓಟಕ್ಕೇನೂ ಕೊರತೆಯಿಲ್ಲ, ಆದರೆ ಬೇಟೆನಾಯಿ ಅದು. ಮೈದಾನದ ಅಂಚಿನಲ್ಲಿ ಇಲಿಯ ವಾಸನೆ ಬಡಿದರೆ ನಿಮ್ಮನ್ನು ಮರೆತುಬಿಡುತ್ತದೆ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವಕ್ಕೆ ಓಡುವಾಗ ಉಸಿರು ಸಾಲುವುದಿಲ್ಲ. ಡ್ಯಾಷ್‌ಹಂಡ್‌ನ ಉದ್ದ ಬೆನ್ನಿಗೆ ಡಿಸ್ಕ್ ತೊಂದರೆಯ ಭಯ ಇದ್ದೇ ಇದೆ. ಇವನ್ನು ಸ್ಪರ್ಧೆಗೆಂದು ತರಬೇಡಿ.

ಮರಿ ನೋಡಲು ಹೋದಾಗ ಮೊದಲು ತಾಯಿಯನ್ನು ನೋಡಿ. ತಂದೆ-ತಾಯಿಯ ಸೊಂಟದ ಎಕ್ಸ್‌ರೇ, ಕಣ್ಣಿನ ಪರೀಕ್ಷೆಯ ಕಾಗದ ಕೇಳಿ. ಕೋಲಿ, ಶೆಲ್ಟಿಗಳಲ್ಲಿ ವಂಶದಿಂದ ಬರುವ ಕಣ್ಣಿನ ದೋಷ ಉಂಟು. ಆಮೇಲೆ ಸ್ವಲ್ಪ ದೂರದಲ್ಲಿ ಬೀಗದಕೈ ಗೊಂಚಲನ್ನು ನೆಲಕ್ಕೆ ಬೀಳಿಸಿ. ಬೆಚ್ಚಿ ಹಿಂದೆ ಸರಿದು, ಕ್ಷಣದಲ್ಲೇ ಮುಂದೆ ಬಂದು ಮೂಸುವ ಮರಿಯನ್ನು ಗುರುತು ಮಾಡಿಕೊಳ್ಳಿ. ಮೂಲೆ ಸೇರಿ ಹೊರಗೆ ಬಾರದ ಮರಿಗೆ ಸ್ಪರ್ಧೆಯ ಗದ್ದಲ ಕಷ್ಟವಾಗುತ್ತದೆ. ಬೆಚ್ಚಲೇ ಇಲ್ಲ ಎಂದರೆ ಕಿವಿ ಪರೀಕ್ಷೆ ಮಾಡಿಸಿ.

ನಮ್ಮ ಲ್ಯಾಬ್ರಡಾರ್‌ಗೆ ಐದು ತಿಂಗಳು. ಈಗಲೇ ಕುರ್ಚಿ ದಾಟಿ ಹಾರುತ್ತಾನೆ! ಈ ಉತ್ಸಾಹ ಇರುವಾಗಲೇ ಹರ್ಡಲ್ ಶುರು ಮಾಡಬಹುದಾ?

ಬೇಡ. ದಯವಿಟ್ಟು ಕುರ್ಚಿ ಹಾರುವುದನ್ನೂ ಇವತ್ತೇ ನಿಲ್ಲಿಸಿ.

ಮರಿಯ ಕಾಲಿನ ಉದ್ದ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯ ಪದರ ಇರುತ್ತದೆ. ಮೂಳೆ ಬೆಳೆಯುವುದು ಅಲ್ಲಿಂದಲೇ. ಅದು ಗಟ್ಟಿಯಾಗಿ ಕೂಡಿಕೊಳ್ಳಲು ಸಾಮಾನ್ಯವಾಗಿ ಒಂದು ವರ್ಷ ಬೇಕು, ದೊಡ್ಡ ತಳಿಗಳಲ್ಲಿ ಒಂದೂವರೆ ವರ್ಷದವರೆಗೂ ಹೋಗಬಹುದು. ಅಷ್ಟರೊಳಗೆ ಜೋರಾಗಿ ಪೆಟ್ಟಾದರೆ ಕಾಲು ಸೊಟ್ಟ ಬೆಳೆಯುವ ಅಪಾಯ ಇದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಬೇಗ ಮಾಡಿಸಿದರೆ ಆ ಪದರ ಕೂಡುವುದು ಇನ್ನೂ ತಡವಾಗುತ್ತದೆ, ಅದನ್ನೂ ವೈದ್ಯರ ಹತ್ತಿರ ಮಾತಾಡಿ. ಎಫ್‌ಸಿಐ ಸ್ಪರ್ಧೆಗೆ ನಾಯಿಗೆ 18 ತಿಂಗಳು ತುಂಬಿರಬೇಕು ಎಂಬ ನಿಯಮವೇ ಇದೆ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಕೋಲುಗಳನ್ನು ನೆಲದ ಮೇಲೆ ಮಲಗಿಸಿ ನಡೆಸಿ. ನೇರವಾಗಿ ಹಾಸಿದ ಟನೆಲ್‌ನಲ್ಲಿ ನುಸುಳಲಿ. ಎಲ್ಲಕ್ಕಿಂತ ಮುಖ್ಯವಾಗಿ ಹಿಂಗಾಲಿನ ಅರಿವು ಕಲಿಸಿ. ಮರಿನಾಯಿಗೆ ಮುಂಗಾಲು ಗೊತ್ತು, ತನಗೆ ಹಿಂಗಾಲೂ ಇದೆ ಎಂಬುದು ಗೊತ್ತಿರುವುದಿಲ್ಲ! ಒಂದು ಗಟ್ಟಿ ಪೆಟ್ಟಿಗೆಯನ್ನು ಬೋರಲು ಹಾಕಿ, ಎತ್ತರ ನಾಲ್ಕು ಬೆರಳು ಸಾಕು. ಮುಂಗಾಲೆರಡು ಅದರ ಮೇಲೆ ಇಡಿಸಿ, ನೀವು ಅವನ ಎದುರಿಗೆ ನಿಂತು ನಿಧಾನಕ್ಕೆ ಪಕ್ಕಕ್ಕೆ ಸರಿಯಿರಿ. ನಿಮ್ಮ ಮುಖ ನೋಡಲು ಅವನು ಹಿಂಗಾಲನ್ನು ಒಂದೊಂದೇ ಹೆಜ್ಜೆ ಸರಿಸುತ್ತಾನೆ. ಸರಿಸಿದ ಆ ಗಳಿಗೆಯಲ್ಲೇ ತಿನಿಸು ಕೊಡಿ, ಎರಡು ಸೆಕೆಂಡ್ ತಡವಾದರೂ ಯಾವುದಕ್ಕೆ ಸಿಕ್ಕಿತೆಂದು ಅವನಿಗೆ ತಿಳಿಯುವುದಿಲ್ಲ. ಮುಂದೆ ಎ-ಫ್ರೇಮ್ (ಎರಡು ಹಲಗೆ ಜೋಡಿಸಿದ ಗುಡ್ಡದಂಥ ಇಳಿಜಾರು), ಡಾಗ್ ವಾಕ್ (ಎತ್ತರದ ಕಿರಿದಾದ ಸೇತುವೆ) ಇಳಿಯುವಾಗ ತುದಿಯ ಹಳದಿ ಪಟ್ಟಿಯ ಮೇಲೆ ಪಾದ ಇಡುವುದು ಈ ಪೆಟ್ಟಿಗೆಯ ಪಾಠದಿಂದಲೇ ಬರುತ್ತದೆ.

ತೂಕದ ಮೇಲೂ ಕಣ್ಣಿರಲಿ. ಲ್ಯಾಬ್ರಡಾರ್ ಕೊಟ್ಟಷ್ಟೂ ತಿನ್ನುತ್ತದೆ. ಅಂಗೈ ಸವರಿದರೆ ಪಕ್ಕೆಲುಬು ಎಣಿಸಲು ಸಿಗಬೇಕು.

ಕ್ಲಾಸಿನಲ್ಲಿ ಒಂದೂ ತಪ್ಪಿಲ್ಲದೆ ಓಡುವ ನನ್ನ ಕಾಕರ್ ಸ್ಪ್ಯಾನಿಯಲ್ ನಾಯಿ ಸ್ಪರ್ಧೆಯಲ್ಲಿ ಬಾರ್ ಬೀಳಿಸುತ್ತಾಳೆ, ತಪ್ಪು ಟನೆಲ್‌ಗೆ ನುಗ್ಗುತ್ತಾಳೆ. ಎರಡು ಸಲ ಡಿಸ್‌ಕ್ವಾಲಿಫೈ ಆದೆವು. ಏನು ಮಾಡಲಿ?

ಮುಂದಿನ ಸಲ ಯಾರಿಗಾದರೂ ಫೋನ್ ಕೊಟ್ಟು ವಿಡಿಯೋ ಮಾಡಿಸಿ. ನಾಯಿಯದ್ದಲ್ಲ, ನಿಮ್ಮ ಭುಜ ಮತ್ತು ಪಾದದ ವಿಡಿಯೋ. ನಾಯಿ ನೆಲ ಬಿಟ್ಟು ಹಾರಿದ ಮೇಲೆ ನೀವು ತಿರುಗಿದರೆ ಅದು ಗಾಳಿಯಲ್ಲೇ ದಿಕ್ಕು ಬದಲಿಸಲು ಹೋಗುತ್ತದೆ, ಹಿಂಗಾಲು ಬಾರ್‌ಗೆ ತಗಲುತ್ತದೆ, 5 ತಪ್ಪಂಕ ಬೀಳುತ್ತದೆ. ತಿರುವಿನ ಸನ್ನೆ ಅದು ನೆಲದ ಮೇಲಿರುವಾಗಲೇ ಸಿಗಬೇಕು. ಟನೆಲ್ ಕಥೆಯೂ ಅಷ್ಟೇ: ಬಾಯಲ್ಲಿ ನೀವು ಏನೇ ಕೂಗಿದರೂ ನಿಮ್ಮ ಪಾದದ ತುದಿ ಯಾವ ಕಡೆಗಿತ್ತೋ ಅವಳು ಆ ಕಡೆ ಹೋಗಿರುತ್ತಾಳೆ. ಸ್ಪರ್ಧೆಗೆ ಮುಂಚೆ ನಾಯಿಯಿಲ್ಲದೆ ಮೈದಾನದಲ್ಲಿ ನಡೆದು ನೋಡಲು ಬಿಡುತ್ತಾರಲ್ಲ, ಆಗ ಅಡೆತಡೆಗಳ ಸಂಖ್ಯೆ ಬಾಯಿಪಾಠ ಮಾಡಿದರೆ ಸಾಲದು. ಎಲ್ಲಿ ತಿರುಗಬೇಕೋ ಅಲ್ಲಿ ನಿಜವಾಗಿ ತಿರುಗಿ ನೋಡಿ.

ಸರದಿಗೆ ಕಾಯುವಾಗ ಅವಳನ್ನು ಬೇರೆ ನಾಯಿಗಳ ಓಟ ಕಾಣದ ಕಡೆ ಇರಿಸಿ. ಇನ್ನೊಂದು ಮಾತು, ಬಾರ್ ಬೀಳಿಸುವುದು ಇತ್ತೀಚೆಗೆ ದಿಢೀರನೆ ಶುರುವಾಗಿದ್ದರೆ ತರಬೇತಿಗೆ ಮೊದಲು ಬೆನ್ನು, ತೊಡೆಸಂದು ತೋರಿಸಿ. ನಾಯಿ ನೋವನ್ನು ಹೇಳುವ ರೀತಿ ಅದೂ ಆಗಿರಬಹುದು.

ಸೀಸಾದ (ನಡುವಿನ ಆಸರೆಯ ಮೇಲೆ ಏರಿಳಿದು ತೂಗುವ ಹಲಗೆ) ತುದಿ ದಢಾರನೆ ನೆಲಕ್ಕೆ ಬಡಿದ ದಿನದಿಂದ ನಮ್ಮ ನಾಯಿ ಅದರ ಹತ್ತಿರ ಸುಳಿಯುತ್ತಿಲ್ಲ. ಟ್ರೈನರ್ ಹಗ್ಗ ಹಿಡಿದು ಹತ್ತಿಸಿ, ಅಭ್ಯಾಸ ಆಗುತ್ತೆ ಅಂತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ.

ಒಪ್ಪದ ನಿಮ್ಮ ಮನಸ್ಸೇ ಸರಿ. ಎಳೆದು ಹತ್ತಿಸಿದರೆ ಸೀಸಾದ ಜೊತೆಗೆ ನಿಮ್ಮ ಕೈಗೂ ಅದು ಹೆದರುವುದನ್ನು ಕಲಿಯುತ್ತದೆ.

ಇದೇ ತಪ್ಪು ನನ್ನ ಕೈಯಲ್ಲೂ ಆಗಿದೆ. ಗುಬ್ಬಿ ನನ್ನ ಶೆಲ್ಟಿ, ಏಳು ಕಿಲೋ ತೂಕ. ಸ್ಪರ್ಧೆ ಹತ್ತಿರ ಬಂತೆಂದು ಅವಸರಪಟ್ಟು ಎರಡನೇ ವಾರಕ್ಕೇ ಪೂರ್ತಿ ಸೀಸಾ ಹತ್ತಿಸಿದೆ. ಹಲಗೆ ಕಾಲಡಿಯಿಂದ ಜಾರಿದ ಹಾಗಾಗಿ ಅವಳು ಅರ್ಧದಲ್ಲೇ ನೆಗೆದಳು. ಮರುದಿನ ಹತ್ತು ಹೆಜ್ಜೆ ದೂರದಲ್ಲೇ ನಿಂತು ಕಿವಿಯನ್ನು ತಲೆಗೆ ಅಂಟಿಸಿಕೊಂಡು, ಒಂದು ಮುಂಗಾಲು ಎತ್ತಿ ಹಿಡಿದು ನನ್ನನ್ನು ನೋಡಿದಳು. ಸೀಸಾವನ್ನು ಅವಳ ಕಣ್ಣಿಗೆ ಬೀಳದಂತೆ ತೆಗೆಸಿ, ಮೊದಲಿನಿಂದ ಶುರು ಮಾಡಿದೆ.

ಸೀಸಾದಲ್ಲಿ ಭಯ ಎರಡು, ಸದ್ದು ಒಂದು, ಅಲುಗಾಟ ಒಂದು. ಎರಡನ್ನೂ ಬಿಡಿಸಿ ಬೇರೆ ಬೇರೆಯಾಗಿ ಕಲಿಸಬೇಕು. ಸದ್ದಿಗೆ ಒಂದು ಹಲಗೆಯ ತುಂಡು ಸಾಕು. ನಡುವೆ ಚಿಕ್ಕ ಕಟ್ಟಿಗೆ ಕೊಟ್ಟು, ಒಂದು ತುದಿ ನೆಲದಿಂದ ಎರಡು ಬೆರಳಷ್ಟೇ ಮೇಲಿರುವಂತೆ ಇಟ್ಟು, ಅದರಡಿ ನಾಲ್ಕು ಮಡಿಕೆ ಟವೆಲ್ ಹಾಸಿದೆ. ಗುಬ್ಬಿ ಪಾದ ಇಟ್ಟಳು, 'ಪುಸ್' ಎಂದಿತು. ತಿನಿಸು. ಮತ್ತೆ ಪಾದ, ಮತ್ತೆ ತಿನಿಸು. ಮೂರನೇ ದಿನ ನಾನು ಹೇಳುವ ಮೊದಲೇ ಹಲಗೆ ಒತ್ತಿ ನನ್ನ ಮುಖ ನೋಡಿದಳು. ಸದ್ದು ಮಾಡುವವಳು ತಾನೇ ಎಂದು ಅವಳಿಗೆ ಗೊತ್ತಾಗಿತ್ತು. ನಾನು ಕಾಯುತ್ತಿದ್ದದ್ದು ಆ ನೋಟಕ್ಕೇ. ಆಮೇಲೆ ಟವೆಲ್‌ನ ಮಡಿಕೆ ಒಂದೊಂದಾಗಿ ಬಿಚ್ಚಿದೆ, 'ಪುಸ್' ಹೋಗಿ 'ಟಪ್' ಆಯಿತು, ಕೊನೆಗೆ ಬರೀ ನೆಲಕ್ಕೆ 'ಟಕ್'.

ಅಲುಗಾಟಕ್ಕೆ ಅಗಲವಾದ ಹಲಗೆಯಡಿ ಬಟ್ಟೆಯ ಸುರುಳಿ ಇಟ್ಟು, ಮೇಲೆ ನಿಂತು ತೂಗಾಡುವ ಆಟ. ಇವೆರಡೂ ಸಲೀಸಾದ ಮೇಲೆ ನಿಜವಾದ ಸೀಸಾ. ಇಳಿಯುವ ತುದಿಯ ಕೆಳಗೆ ಗಟ್ಟಿ ಮೇಜು ಕೊಟ್ಟು, ಹಲಗೆ ನಾಲ್ಕು ಬೆರಳಿಗಿಂತ ಹೆಚ್ಚು ಇಳಿಯದಂತೆ ಮಾಡಿ. ಓಡಿ ತುದಿಯವರೆಗೂ ಹೋಗಿ ನಿಲ್ಲುವುದಕ್ಕೆ ಮಾತ್ರ ಬಹುಮಾನ. ಹಗುರ ನಾಯಿಗಳಿಗೆ ಈ ಪಾಠ ತುಂಬಾ ಮುಖ್ಯ. ನಡುವಿನಿಂದ ದೂರ ಹೋದಷ್ಟೂ ಅವುಗಳ ತೂಕ ಹಲಗೆಯನ್ನು ಬೇಗ ಇಳಿಸುತ್ತದೆ. ಮಧ್ಯದಲ್ಲೇ ಅಳುಕುತ್ತಾ ನಿಂತರೆ ಹಲಗೆ ತೂಗಾಡಿ ಭಯ ಇನ್ನಷ್ಟು ಏರುತ್ತದೆ. ಮೇಜನ್ನು ಕ್ರಮೇಣ ತಗ್ಗಿಸುತ್ತಾ ಬನ್ನಿ. ಹಲಗೆ ನೆಲ ಮುಟ್ಟುವ ಮೊದಲು ನೆಗೆದರೆ ಸ್ಪರ್ಧೆಯಲ್ಲಿ ತಪ್ಪಂಕ ಬೀಳುತ್ತದೆ, ಆದ್ದರಿಂದ ಮುಟ್ಟಿದ ಮೇಲೂ ಒಂದು ಕ್ಷಣ ನಿಲ್ಲುವ ಅಭ್ಯಾಸವನ್ನು ಈಗಿನಿಂದಲೇ ಮಾಡಿಸಿ.

ಒಂದು ಸಲಕ್ಕೆ ಮೂರು ನಿಮಿಷ ಸಾಕು. ಅದು ಇಳಿದು ಹೋಗಬೇಕೆಂದರೆ ಹೋಗಲು ಬಿಡಿ. ಗುಬ್ಬಿಗೆ ಏಳು ವಾರ ಬೇಕಾಯಿತು, ಆ ಸ್ಪರ್ಧೆ ತಪ್ಪಿಹೋಯಿತು. ಆಮೇಲೆ ಆರು ವರ್ಷ ಅವಳು ಖುಷಿಯಿಂದ ಸೀಸಾ ಹತ್ತಿದಳು.

ಅಕ್ಕಾ, ನಾನು ಎಂಟನೇ ಕ್ಲಾಸು. ನಮ್ಮ ರಾಜ ಬೀದಿಯಲ್ಲಿ ಸಿಕ್ಕಿದ ನಾಯಿ, ಯಾವ ತಳಿಯೂ ಅಲ್ಲ, ಮೂರು ವರ್ಷ. ತುಂಬಾ ಜೋರಾಗಿ ಓಡ್ತಾನೆ. ಅವನೂ ಅಜಿಲಿಟಿ ಮಾಡಬಹುದಾ? ಫ್ರೆಂಡ್ಸ್ ಎಲ್ಲ ಆಗಲ್ಲ ಅಂತಾರೆ.

ಖಂಡಿತ ಮಾಡಬಹುದು ಪುಟ್ಟೀ. ಈ ಆಟ ಹುಟ್ಟಿದ್ದು 1978ರಲ್ಲಿ, ಲಂಡನ್ನಿನ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ. ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ನಡುವೆ ಜನರಿಗೆ ಬೇಸರವಾಗದಿರಲಿ ಎಂದು ಜಾನ್ ವಾರ್ಲಿ ಎನ್ನುವವರು, ನಾಯಿ ತರಬೇತುದಾರ ಪೀಟರ್ ಮೀನ್‌ವೆಲ್ ಜೊತೆ ಸೇರಿ, ಕುದುರೆಗಳ ಹಾರಾಟದ ಸ್ಪರ್ಧೆ ನೋಡಿ ಇದನ್ನು ರೂಪಿಸಿದರು. ಬ್ರಿಟನ್ನಿನ ಕೆನೆಲ್ ಕ್ಲಬ್, ಅಮೆರಿಕದ ಕೆನೆಲ್ ಕ್ಲಬ್ ಎರಡರ ಅಜಿಲಿಟಿ ಸ್ಪರ್ಧೆಗೂ ಮಿಶ್ರ ತಳಿಯ ನಾಯಿಗಳು ಹೆಸರು ನೋಂದಾಯಿಸಿ ಇಳಿಯಬಹುದು. ಎಫ್‌ಸಿಐ ವಿಶ್ವ ಚಾಂಪಿಯನ್‌ಶಿಪ್‌ಗೆ ಮಾತ್ರ ವಂಶಾವಳಿಯ ದಾಖಲೆ ಬೇಕು. ಇದನ್ನು ನಿನ್ನ ಫ್ರೆಂಡ್ಸ್‌ಗೆ ಓದಿ ಹೇಳು.

ಮೊದಲು ಅಪ್ಪ-ಅಮ್ಮನ ಜೊತೆ ರಾಜನನ್ನು ವೈದ್ಯರ ಹತ್ತಿರ ಕರಕೊಂಡು ಹೋಗಿ ಸೊಂಟ, ಮೊಣಕಾಲು ತೋರಿಸು. ಅವರು ಸರಿ ಅಂದಮೇಲೆ ಒಂದು ಬಕೆಟ್ ತಗೋ. ಅದನ್ನು ನಿನ್ನಿಂದ ಒಂದು ಹೆಜ್ಜೆ ದೂರ ಇಟ್ಟು, ಕೈ ಚಾಚಿ ರಾಜ ಅದರ ಸುತ್ತ ಹೋಗಿ ಬರುವ ಹಾಗೆ ಮಾಡು. ಸುತ್ತಿ ಬಂದ ತಕ್ಷಣ ತಿನಿಸು. ಹಾರುವುದಕ್ಕಿಂತ ಮೊದಲು ತಿರುಗುವುದು ಬರಬೇಕು. ಸ್ಪರ್ಧೆಯಲ್ಲಿ 12 ಕಂಬಗಳು 60 ಸೆಂಟಿಮೀಟರ್‌ಗೆ ಒಂದರಂತೆ ಸಾಲಾಗಿ ನಿಂತಿರುತ್ತವೆ, ಮೊದಲ ಕಂಬ ನಾಯಿಯ ಎಡ ಭುಜದ ಪಕ್ಕ ಬರುವಂತೆ ಒಳಗೆ ನುಗ್ಗಬೇಕು. ಆ ಬಳುಕಾಟದ ಅಕ್ಷರಮಾಲೆ ಈ ಬಕೆಟ್.

ಎಡಕ್ಕೆ ಐದು ಸಲ, ಬಲಕ್ಕೆ ಐದು ಸಲ, ಆಮೇಲೆ ಆಟ ನಿಲ್ಲಿಸಿಬಿಡು, ಅವನು ಇನ್ನೂ ಬೇಕು ಅಂದರೂ. ಸರಾಗವಾದ ಹಾಗೆ ಬಕೆಟ್ ಅನ್ನು ಒಂದೊಂದೇ ಹೆಜ್ಜೆ ದೂರ ಇಡು. ಎರಡೂ ಕಡೆಗೆ ತಪ್ಪದೆ ಸುತ್ತಿ ಬಂದ ದಿನ, ಬಕೆಟ್ ಎಷ್ಟು ಹೆಜ್ಜೆ ದೂರ ಇತ್ತು ಅಂತ ನನಗೆ ಬರೆ. ಮುಂದಿನ ಪಾಠ ಅಲ್ಲಿಂದ ಹೇಳಿಕೊಡ್ತೀನಿ.